ಹದಿನೆಂಟು ತಿಂಗಳ ಸೌದಾ

ನನ್ನ ಮೊದಲ ಆರೋಗ್ಯ ಪತ್ರ ಟಪಾಲಿನಲ್ಲಿ ತಲುಪಿದ ದಿನ ಸೊಲ್ಲಾಪುರದ ಹನ್ನೊಂದು ಮನೆಯವರು ತಲೆ ಮೇಲೆ ನೀರು ಹೊಯ್ದುಕೊಂಡರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ಅಷ್ಟು ಜನರ ಮೇಲೆ ಅಷ್ಟು ಬೇಗ ಪರಿಣಾಮ ಬೀರಿದ ಬರವಣಿಗೆ ಅದಾದ ಮೇಲೆ ನನ್ನ ಕೈಯಿಂದ ಇನ್ನೊಂದು ಬರಲಿಲ್ಲ ಎಂಬುದೂ ಸುಳ್ಳಲ್ಲ.

ಈಗಿನ ಹುಡುಗ ಹುಡುಗಿಯರು 'ಸಂವಹನ'ದಲ್ಲಿ ಪದವಿ ಪಡೆದು ಆರೋಗ್ಯ ಪತ್ರ ಬರೆಯುವ ಈ ಕೆಲಸಕ್ಕೆ ಬರುತ್ತಾರೆ. ನನ್ನನ್ನು ಕಂಡಾಗ ಯಾವ ಪುಸ್ತಕ ಓದಬೇಕು ಮೇಡಮ್ ಎಂದು ಕೇಳುತ್ತಾರೆ. ನಾನು ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಎಂಬುದು ಅವರಿಗೆ ಬೇಕಿಲ್ಲ, ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಎಪ್ಪತ್ತರ ದಶಕದ ಆ ಒಂದೂವರೆ ವರ್ಷ. ಅದನ್ನೇ ಬರೆದಿಡುತ್ತೇನೆ.

ಆಗ ನಾನು ಸೊಲ್ಲಾಪುರದ ಒಂದು ವಾಣಿಜ್ಯ ಕಾಲೇಜಿನಲ್ಲಿ ವ್ಯವಹಾರ ಪತ್ರ ಕಲಿಸುತ್ತಿದ್ದೆ. ಹುಟ್ಟಿದ್ದು ಅಕ್ಕಲಕೋಟ, ಮದುವೆಯಾಗಿ ಬಂದದ್ದು ಸೊಲ್ಲಾಪುರ. ತರಗತಿಯಲ್ಲಿದ್ದವರೆಲ್ಲ ವ್ಯಾಪಾರಸ್ಥರ ಮಕ್ಕಳು. ಅವರ ಅಪ್ಪಂದಿರು ಜನ್ಮದಲ್ಲಿ ಒಂದು ವ್ಯವಹಾರ ಪತ್ರ ಬರೆಯದೆ ಪೇಟೆ ಆಳುತ್ತಿದ್ದರು, ನಾನು ಒಂದು ಸೇರು ಜೋಳ ಮಾರದೆ ಅವರ ಮಕ್ಕಳಿಗೆ ವ್ಯಾಪಾರದ ಪತ್ರ ಕಲಿಸುತ್ತಿದ್ದೆ. ನಮ್ಮ ಪ್ರಾಂಶುಪಾಲರಿಗೆ ಪತ್ರ 'ತಮ್ಮ ಕೃಪಾಪತ್ರ ತಲುಪಿತು' ಎಂದೇ ಶುರುವಾಗಬೇಕು. ಎದುರಿನವರಿಂದ ಪತ್ರವೇ ಬಂದಿಲ್ಲವಲ್ಲ ಸರ್ ಎಂದು ಒಮ್ಮೆ ಕೇಳಿದ್ದಕ್ಕೆ, "ಬಾಯಾರ, ಬಂದಿಲ್ಲಂದ್ರೂ ಬಂದದ ಅಂತ ತಿಳ್ಕೋಬೇಕು, ಅದಕ್ಕ ವಿನಯ ಅಂತಾರ" ಎಂದಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಊರಿಗೆಲ್ಲ ನಾನು ಕಾಲೇಜಿನ ಬಾಯಾರು.

ಒಂದು ದಿನ ಕ್ಷಯರೋಗದ ದವಾಖಾನೆಯ ಡಾಕ್ಟರ್ ನಾಯರ್ ಕಾಲೇಜಿಗೆ ಬಂದರು. ಕೇರಳದವರು, ಬಂದು ನಾಲ್ಕು ತಿಂಗಳಾಗಿತ್ತು, ಹಿಂದಿ ಮಾತಾಡಿದರೆ ಹಿಂದಿಯವರೇ ಗಾಬರಿಯಾಗಬೇಕು. ಅವರ ಕಷ್ಟ ಇಷ್ಟು. ಕ್ಷಯಕ್ಕೆ ಗುಳಿಗೆ ಇದೆ, ಸರಕಾರ ಪುಕ್ಕಟೆ ಕೊಡುತ್ತದೆ, ಆದರೆ ಹದಿನೆಂಟು ತಿಂಗಳು ಒಂದು ದಿನ ತಪ್ಪದೆ ನುಂಗಬೇಕು. ಮೂರು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಮಾಂಸ ಬರುತ್ತದೆ, ರೋಗಿ ದವಾಖಾನೆಯ ದಾರಿ ಮರೆಯುತ್ತಾನೆ. ಮುಂದೆ ರೋಗ ತಿರುಗಿ ಬಂದಾಗ ಅದೇ ಗುಳಿಗೆ ಕೆಲಸ ಮಾಡುವುದಿಲ್ಲ. "ಹಾಗೆ ಬಿಟ್ಟುಹೋದವರಿಗೆ ಒಂದು ಒಳ್ಳೆಯ ಪತ್ರ ಬರೆದುಕೊಡಿ" ಎಂದರು.

ನಾನು ಉಬ್ಬಿಹೋದೆ. ಅಂಚೆ ಕಾರ್ಡು ಎಂದರೆ ಬಿಚ್ಚಿದ ಕಾಗದ, ಯಾರಾದರೂ ಓದಿಬಿಡುತ್ತಾರೆಂದು ರೋಗದ ಹೆಸರು ಹಾಕಲಿಲ್ಲ. ಮರಾಠಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ: 'ತಾವು ಮೂರು ವಾರದಿಂದ ಬಂದಿಲ್ಲ. ನಾವು ತಮ್ಮ ದಾರಿ ಕಾಯುತ್ತಿದ್ದೇವೆ. ಕೂಡಲೇ ಹೊರಟು ಬರಬೇಕು. ಇಂತಿ ತಮ್ಮ ಹಿತಚಿಂತಕರು.' ಐದು ಸಲ ತಿದ್ದಿದೆ. ಅಲ್ಪವಿರಾಮಕ್ಕೂ ವಿಚಾರ ಮಾಡಿದೆ. ಡಾಕ್ಟರು ಕಾರ್ಡುಗಳನ್ನು ಅಚ್ಚು ಹಾಕಿಸಿದರು. ರೋಗಿ ಬರುವಾಗ ಕಾರ್ಡು ತಂದರೆ, ಬಿಟ್ಟುಹೋದವರದ್ದು ಯಾವುದು ಎಂದು ಗುಂಪಿನಲ್ಲಿ ತಟ್ಟನೆ ಗೊತ್ತಾಗಲಿ ಎಂದು ತಾವೇ ಕೂತು ಪ್ರತಿಯೊಂದರ ಒಂದು ಮೂಲೆಯನ್ನು ಕತ್ತರಿಯಿಂದ ಅಚ್ಚುಕಟ್ಟಾಗಿ ಕತ್ತರಿಸಿ ಟಪಾಲಿಗೆ ಹಾಕಿದರು. ನಾನು ಒಕ್ಕಣೆ ನೋಡಿದೆ, ಕಾರ್ಡು ನೋಡಲಿಲ್ಲ.

ನಮ್ಮ ಕಡೆ ಮೂಲೆ ಹರಿದ ಕಾರ್ಡು ಬಂದರೆ ಯಾರೋ ಸತ್ತಿದ್ದಾರೆ ಎಂದರ್ಥ. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ, ನೋಡಿದ ತಕ್ಷಣ ಹರಿದು ಹೊರಗೆ ಒಗೆದು ಜಳಕಕ್ಕೆ ಹೋಗುತ್ತಾರೆ. ಅದು ಗೊತ್ತಿಲ್ಲದಿದ್ದದ್ದು ಇಡೀ ಊರಿನಲ್ಲಿ ನಾಯರ್ ಒಬ್ಬರಿಗೇ. ಹರಿಯುವ ಮುಂಚೆ ಓದಿದವರ ಗತಿ ಇನ್ನೂ ಕಷ್ಟ. ಮೂಲೆ ಇಲ್ಲದ ಕಾರ್ಡಿನಲ್ಲಿ 'ನಾವು ತಮ್ಮ ದಾರಿ ಕಾಯುತ್ತಿದ್ದೇವೆ, ಕೂಡಲೇ ಹೊರಟು ಬರಬೇಕು' ಎಂದಿದ್ದರೆ ಯಾರು ಕಾಯುತ್ತಿದ್ದಾರೆ, ಎಲ್ಲಿಗೆ ಹೊರಡಬೇಕು!

ನಾಲ್ಕನೆಯ ದಿನ ನನ್ನ ತರಗತಿ ಮುಗಿಯುವುದನ್ನೇ ಕಾಯುತ್ತ ಒಬ್ಬ ದೊಡ್ಡ ಮನುಷ್ಯರು ಬಾಗಿಲಲ್ಲಿ ನಿಂತಿದ್ದರು. ಬಿಳಿ ಧೋತರ, ಕರಿ ಟೊಪ್ಪಿಗೆ. ಹುಡುಗರೆಲ್ಲ ಹೋದ ಮೇಲೆ ಒಳಗೆ ಬಂದು ಮೊದಲ ಬೆಂಚಿನಲ್ಲಿ ಹೊಟ್ಟೆ ತೂರಿಸಿಕೊಂಡು ಕೂತರು. ಜೋಳ ಶೇಂಗಾದ ಅಡತಿ, ಎಂದರೆ ದಲ್ಲಾಳಿ ವ್ಯಾಪಾರ ಮಾಡುವ ಹಣಮಂತಪ್ಪ ಸಾವುಕಾರರು. ಕಾರ್ಡು ಬರೆದವರು ಯಾರೆಂದು ನಾಯರ್ ಅವರನ್ನು ಜಬರಿಸಿ ತಿಳಿದುಕೊಂಡು ಬಂದಿದ್ದರು.

"ಬಾಯಾರ, ನನಗ ನನ್ನ ಸಾವಿನ ಸುದ್ದಿ ಕಳಿಸೀರಲ್ಲ, ನಾ ಏನ ಮಾಡೀನ್ರಿ ನಿಮಗ?" ಎಂದರು. ಸಿಟ್ಟು ಗಂಟಲತನಕ ಇತ್ತು, ಆದರೆ ದನಿ ಪಿಸುಮಾತಿನದು. ಹೊರಗೆ ಯಾರಾದರೂ ಕೇಳಿಯಾರೆಂಬ ಭಯ.

ನಡೆದದ್ದನ್ನು ಅವರೇ ಹೇಳಿದರು. ಅಡತಿ ಅಂಗಡಿಯಲ್ಲಿ ಟಪಾಲು ಬಿಡಿಸುವುದು ದಿವಾಣಜಿ, ಅಂದರೆ ಗುಮಾಸ್ತ. ಅವನು ಕಾರ್ಡಿನ ಮೂಲೆ ನೋಡಿದ, ನಾಲ್ಕು ತುಂಡು ಮಾಡಿದ, "ಸಾವುಕಾರ್ರ, ಜಳಕಾ ಮಾಡ್ರಿ" ಎಂದ. ಅಂಗಡಿ ಬಾಗಿಲು ಹಾಕಿದರು. ಮನೆಯ ಹದಿಮೂರು ಮಂದಿಯೂ ನೀರು ಹಾಕಿಕೊಂಡರು. ಸತ್ತವರು ಯಾರು ಎಂದು ನೋಡಲು ಸಾವುಕಾರರು ತುಂಡು ಕೂಡಿಸಿ ಓದಿದರೆ, ಅದು ತಮಗೇ ಬಂದ ದವಾಖಾನೆಯ ಕರೆ. ಅವರಿಗೆ ಕ್ಷಯ ಇದ್ದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಮಂದಿ ಕೇಳತಾರ, ಯಾರ ಹ್ವಾದ್ರು, ಯಾರ ಹ್ವಾದ್ರು ಅಂತ. ನಾ ಏನ ಹೇಳ್ಲಿ? ಬೀದರದಾಗ ಒಬ್ಬ ಕಾಕಾನ್ನ ಹುಟ್ಟಿಸಿ, ಅವತ್ತಽ ಕೊಂದು, ಮೂರ ದಿನಾ ಸೂತಕಾ ಹಿಡದೀನಿ."

ನನಗೆ ನಗು ತಡೆಯಲಾಗಲಿಲ್ಲ. ಕರಿಹಲಗೆಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತ ನಿಂತೆ. ತಿರುಗಿ ನೋಡಿದರೆ ಅವರೂ ನಗುತ್ತಿದ್ದರು. ಆದರೆ ಹೊರಡುವಾಗ ನಗು ಇರಲಿಲ್ಲ. ಮಗಳು ಸುಶೀಲಾಳಿಗೆ ಅಕ್ಕಲಕೋಟದಿಂದ ಒಳ್ಳೆಯ ಸಂಬಂಧ ಬಂದಿದೆ, ಅಪ್ಪನಿಗೆ ಕ್ಷಯ ಎಂದು ಗೊತ್ತಾದರೆ ಯಾರೂ ಹೊಸ್ತಿಲು ತುಳಿಯುವುದಿಲ್ಲ ಎಂದರು. "ಕೆಮ್ಮ ಹೋಗ್ಯಾದ, ಆರಾಮ ಅದೀನಿ. ಇನ್ನ ಗುಳಗೀನೂ ಬ್ಯಾಡ, ನಿಮ್ಮ ಕಾಗದಾನೂ ಬ್ಯಾಡ" ಎಂದು ಕೈಮುಗಿದು ಹೋದರು. ಮೂರು ತಿಂಗಳಿಗೆ ಬಿಟ್ಟವರ ಪಟ್ಟಿಯಲ್ಲೇ ಅವರೂ ಉಳಿದರು. ಕಾಗದ ಬರೆದು ಕರೆಯಬೇಕಾದವಳು ಕಾಗದ ಬರೆದು ಓಡಿಸಿದ್ದೆ.

ಇಲ್ಲಿ ಕಿರಿಯರಿಗೆ ಒಂದು ಮಾತು. ನೀವು ಬರೆದದ್ದನ್ನು ಜನ ಓದುವ ಮುಂಚೆ ಕಾಗದವನ್ನು ನೋಡುತ್ತಾರೆ. ಬಣ್ಣ, ಮೂಲೆ, ತಂದುಕೊಟ್ಟವನ ಮುಖ, ಇವೆಲ್ಲ ನಿಮ್ಮ ಮೊದಲ ಅಕ್ಷರಕ್ಕಿಂತ ಮೊದಲೇ ಮಾತಾಡಿ ಮುಗಿಸಿರುತ್ತವೆ. ಅಂದಿನಿಂದ ನಾನು ಏನೇ ಅಚ್ಚು ಹಾಕಿಸಿದರೂ ಓದು ಬರದ ಐದು ಜನರ ಕೈಗೆ ಕೊಟ್ಟು, ಇದೇನಿರಬಹುದು ಹೇಳಿ ಎಂದು ಕೇಳದೆ ಹೊರಗೆ ಬಿಟ್ಟಿಲ್ಲ.

ಎಂಟು ದಿನ ಬಿಟ್ಟು ಮನೆಗೆ ಒಬ್ಬ ಹೆಂಗಸು ಬಂದರು. ಹಣೆ ತುಂಬ ಕುಂಕುಮ, ಮೂಗಿನಲ್ಲಿ ದೊಡ್ಡ ನತ್ತು, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. "ನಾ ಅಂಬಕ್ಕ, ಹಣಮಂತಪ್ಪ ಸಾವುಕಾರ್ರ ಮನಿಯಾಕಿ" ಎಂದು ಕೂತು, ಸೊಂಟದ ಚೀಲದಿಂದ ನಾಲ್ಕು ಕಾಗದದ ತುಂಡು ತೆಗೆದು ನನ್ನ ಮುಂದೆ ಜೋಡಿಸಿದರು. ಗಂಡ ಓದಿ ಒಗೆದ ಮೇಲೆ ಕಸದಿಂದ ಆರಿಸಿಟ್ಟಿದ್ದರಂತೆ. ಗಂಡನನ್ನು ಕಾಲೇಜಿಗೆ ಬಿಟ್ಟ ಟಾಂಗಾದವನನ್ನು ಹಿಡಿದು ನನ್ನ ಸುಳಿವು ತೆಗೆದಿದ್ದರು.

"ಬೀದರದ ಕಾಕಾ ಯಾವಾಂವ್ರಿ ಬಾಯಾರ? ಮೂವತ್ತ ವರ್ಷ ಸಂಸಾರಾ ಮಾಡೀನಿ. ಒಂದ ಲಗ್ನಕ್ಕ ಬರಲಿಲ್ಲ, ಒಂದ ತೊಟ್ಟಿಲಕ್ಕ ಬರಲಿಲ್ಲ, ಸಾಯಾಕಷ್ಟ ಬಂದಾನ?"

ರೋಗಿಯ ಗುಟ್ಟು ರೋಗಿಯದು ಎಂದು ನಾಯರ್ ನನ್ನ ಬಾಯಿ ಕಟ್ಟಿಹಾಕಿದ್ದರು. ಅಂಬಕ್ಕನವರು ನನ್ನ ಮುಖ ನೋಡಿ ತಲೆಯಾಡಿಸಿದರು. "ನೀವು ಹೇಳಬ್ಯಾಡ್ರಿ. ಅವರ ಅರಿವಿ ಒಗಿಯಾಕಿ ನಾ. ಕರವಸ್ತ್ರದಾಗ ನೆತ್ತರಾ ನೋಡಿ ಆರ ತಿಂಗಳಾತು. ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ಗುಳಗಿ ತಗೋತಿದ್ರಲ್ಲ, ಅದನ್ನೂ ನೋಡೀನಿ. ಈಗ ಬಿಟ್ಟಾರ, ಅದನ್ನೂ ನೋಡಾಕತ್ತೀನಿ" ಎಂದರು. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

ಗುಳಿಗೆ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ, ಯಾರ ಹೆಸರೂ ಹಿಡಿಯದೆ ನಾನು ಹೇಳಿದೆ. ಮನೆಯಲ್ಲಿ ಕೂತು ತಿಳಿಸಿ ಹೇಳಿ ನೋಡಿ ಎಂದೆ.

"ಹದಿಮೂರ ಮಂದಿ ನಡುವ ಎಲ್ಲಿ ಹೇಳ್ಲಿರಿ? ಹೇಳಿದ್ರೂ ಹೂಂ ಅಂತಾರ. ಅವರು ಹೂಂ ಅಂದದ್ದು ಎಲ್ಲಾ ಮಾಡಿದ್ರ ನನ್ನ ಮೈ ಮ್ಯಾಲ ಎರಡ ಸೇರ ಬಂಗಾರ ಇರತಿತ್ತು" ಎಂದು ನಕ್ಕರು. ಆಮೇಲೆ ಕಾರ್ಡಿನ ತುಂಡುಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತ, "ಆದ್ರ ವಸ್ತ್ರದ ಕೆಳಗ ಕೈ ಕೊಟ್ಟ ಮಾತಿಗಿ ಅವರು ಇವತ್ತಿಗೂ ತಪ್ಪಿಲ್ಲ" ಎಂದರು.

ಪೇಟೆ ಕಾಣದವರಿಗೆ ಹೇಳಬೇಕು. ನಮ್ಮ ದಲ್ಲಾಳಿಗಳು ದರ ಬಾಯಿಂದ ಹೇಳುವುದಿಲ್ಲ. ಇಬ್ಬರೂ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು, ಕೈಗಳ ಮೇಲೆ ಒಂದು ವಸ್ತ್ರ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಅಂಕಿ ತಿಳಿಸುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಹಾಗೆ ಕೂಡಿದ ಸೌದಾ ಮುರಿದವನ ಮುಂದೆ ಮರುದಿನ ಪೇಟೆಯಲ್ಲಿ ಯಾರೂ ಕೂರುವುದಿಲ್ಲ. ಅಂಬಕ್ಕನವರ ತವರು ಅಕ್ಕಲಕೋಟ ತಾಲೂಕಿನ ಕುರನೂರ. ಅಪ್ಪ ಹೊಲಮನೆಯ ಜತೆಗೆ ಎತ್ತಿನ ವ್ಯಾಪಾರ ಮಾಡುತ್ತಿದ್ದವರು. ಗಂಡುಮಕ್ಕಳಿಲ್ಲದ ಅಪ್ಪ ಚಳಿಗಾಲದ ರಾತ್ರಿ ಹೊತ್ತು ಹೋಗಲೆಂದು ಮಗಳಿಗೇ ಬೆರಳಿನ ಲೆಕ್ಕ ಕಲಿಸಿಬಿಟ್ಟಿದ್ದರು. ಹೆಂಡತಿಗೆ ಈ ವಿದ್ಯೆ ಬರುತ್ತದೆಂದು ಮೂವತ್ತು ವರ್ಷದಲ್ಲಿ ಗಂಡನಿಗೆ ಗೊತ್ತಾಗಿರಲಿಲ್ಲ. "ಹೆಣ್ಣಮಕ್ಕಳು ಮಾಡೂದಲ್ರಿ ಇದು" ಎಂದು ನಾಚಿದರು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಮನೆಗೆ ಬನ್ನಿ ಎಂದು ಹೇಳಿ ಎದ್ದರು.

ಆ ಶುಕ್ರವಾರ ನಾನು ಕಂಡದ್ದನ್ನು ಯಾವ ಸಂವಹನದ ಪುಸ್ತಕದಲ್ಲೂ ಕಂಡಿಲ್ಲ. ಪಡಸಾಲೆಯ ತೂಗುಮಂಚದ ಮೇಲೆ ಸಾವುಕಾರರು ಕೂತಿದ್ದಾರೆ. ಕೆಳಗೆ ಜಮಖಾನೆಯ ಮೇಲೆ ಮುದುಕಿ ತಾಯಿ, ತಮ್ಮಂದಿರು, ಸೊಸೆಯಂದಿರು, ನಾನು. ಅತ್ತೆಯ ಎದುರಿಗೆ ಎಂದೂ ಗಂಡನ ಹತ್ತಿರ ನಿಲ್ಲದ ಅಂಬಕ್ಕ ನೆಟ್ಟಗೆ ಬಂದವರೇ ತೂಗುಮಂಚದ ಮೇಲೆ ಅವರ ಪಕ್ಕ ಕೂತುಬಿಟ್ಟರು! ಚಹಾ ತರುತ್ತಿದ್ದ ಸೊಸೆ ನಿಂತಲ್ಲೇ ನಿಂತಳು. ಅಂಬಕ್ಕ ಸೆರಗು ಹರಡಿ ಗಂಡನ ಬಲಗೈ ಮುಚ್ಚಿದರು, ನಾಲ್ಕು ತುಂಡಿನ ಕಾರ್ಡನ್ನು ಒಳಗೆ ತೂರಿಸಿ ಅವರ ಅಂಗೈಗೆ ಒತ್ತಿದರು, ಆಮೇಲೆ ಬೆರಳು ಹಿಡಿದರು.

ಸಾವುಕಾರರ ಮುಖ ಮೊದಲು ಸಿಟ್ಟಾಯಿತು. ಹುಚ್ಚು ಹಿಡಿಯಿತೇ ಇವಳಿಗೆ ಎಂಬಂತೆ ನೋಡಿದರು. ಆಮೇಲೆ ಬೆಳ್ಳಗಾಯಿತು. ಆಮೇಲೆ, ನಾನು ಕಣ್ಣಾರೆ ನೋಡಿದ್ದೇನೆ, ಅಪ್ಪಟ ವ್ಯಾಪಾರಿಯ ಮುಖವಾಯಿತು. ಕಣ್ಣು ಅರ್ಧ ಮುಚ್ಚಿ, ತುಟಿ ಬಿಗಿದು, ತಲೆ ಸ್ವಲ್ಪ ವಾರೆ ಮಾಡಿದರು. ಸೆರಗಿನ ಕೆಳಗೆ ಬೆರಳುಗಳು ಏಳುವುದು ಬೀಳುವುದು ನಡೆಯಿತು. ಸಾವುಕಾರರು ಬೇಡವೆಂದು ತಲೆ ಅಲ್ಲಾಡಿಸಿದರು. ಅಂಬಕ್ಕನೂ ಅಲ್ಲಾಡಿಸಿದರು. ಒಮ್ಮೆ ಅವರು ಕೈ ಎಳೆದುಕೊಂಡರು, ಇವರು ಮತ್ತೆ ಎಳೆದು ಹಿಡಿದರು.

"ಹಣಮಂತಾ, ಏನ ನಡದದೋ ಅದು?" ಎಂದರು ಮುದುಕಿ ತಾಯಿ, ಕಣ್ಣು ಕಿರಿದು ಮಾಡಿ.

"ಏನಿಲ್ಲವ್ವಾ. ಸೌದಾ" ಎಂದರು ಸಾವುಕಾರರು, ಕಣ್ಣು ತೆಗೆಯದೆ.

ಕಡೆಗೆ ಅವರು ನಿಟ್ಟುಸಿರು ಬಿಟ್ಟು ಹೂಂ ಎಂದರು. ಅಂಬಕ್ಕ ಸೆರಗು ತೆಗೆದು ತಲೆ ಮೇಲೆ ಹೊದ್ದುಕೊಂಡು, ಏನೂ ಆಗಿಲ್ಲವೆಂಬಂತೆ ನನಗೆ ಕುಂಕುಮ ಹಚ್ಚಿದರು. "ಕೂಡಿತ್ರಿ" ಎಂದರು ನನ್ನ ಕಿವಿಯಲ್ಲಿ. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮರುದಿನ ನಾಯರ್ ಟೆಲಿಫೋನು ಮಾಡಿದರು. "ನಿಮ್ಮ ಸಾವುಕಾರರು ಬಂದಿದ್ದರು. ಇಪ್ಪತ್ತನಾಲ್ಕು ತಿಂಗಳಿದ್ದದ್ದನ್ನು ಆರು ತಿಂಗಳು ಇಳಿಸಿ ಹದಿನೆಂಟಕ್ಕೆ ತಂದಿದ್ದೇನೆ ಎಂದು ಎದೆ ತಟ್ಟಿಕೊಂಡರು. ನಾನು ಇಪ್ಪತ್ತನಾಲ್ಕು ಎಂದು ಯಾವಾಗ ಹೇಳಿದೆ?" ಅವರ ಗಾಬರಿ ಕೇಳಿ ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು. ಎತ್ತಿನ ವ್ಯಾಪಾರಿಯ ಮಗಳು ಬೇಕಾದ ದರವನ್ನು ಮೊದಲೇ ಹೇಳುತ್ತಾಳೆಯೇ? ಗೆದ್ದೆನೆಂದು ಅವರು ತಿಳಿದುಕೊಳ್ಳಲಿ ಬಿಡಿ ಸರ್ ಎಂದೆ. ಹಳೆಯ ಮೂರು ತಿಂಗಳು ಲೆಕ್ಕಕ್ಕಿಲ್ಲ, ಮೊದಲಿನಿಂದ ಹದಿನೆಂಟು ಎಂಬುದನ್ನೂ ಆ ರಾತ್ರಿ ಪಿಸುಮಾತಿನಲ್ಲಿ ಸೌದಾಕ್ಕೆ ಸೇರಿಸಿದ್ದರಂತೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗುಳಿಗೆ ಅಂಬಕ್ಕನ ಕೈಯಿಂದಲೇ ಬರಬೇಕು, ಆ ಹೊತ್ತು ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಎಣಿಕೆ. ಈ ಕೊನೆಯ ಷರತ್ತು ಡಾಕ್ಟರದ್ದಲ್ಲ, ಅಂಬಕ್ಕನದು.

ನಾಯರ್ ಅವರಿಗೆ ಇದು ತಲೆಗೇರಿತು. ಕುಂಭಾರಿ ಎಂಬ ಹಳ್ಳಿಗೆ ಹೋದಾಗ, ಗುಳಿಗೆ ಬಿಟ್ಟಿದ್ದ ಒಬ್ಬ ರೈತನ ಎದುರು ಕೂತು, ಮಾತಿಲ್ಲದೆ ಕರವಸ್ತ್ರ ಹಾಸಿ ಕೈ ಚಾಚಿದ್ದಾರೆ, ಹತ್ತರ ಮೇಲೆ ಎಂಟು ಹಿಡಿದಿದ್ದಾರೆ. ರೈತ ಬಹಳ ಹೊತ್ತು ವಿಚಾರ ಮಾಡಿ ಒಪ್ಪಿದ. ಮುಂದಿನ ಸೋಮವಾರ ದವಾಖಾನೆಯ ಅಂಗಳಕ್ಕೆ ಒಂದು ಕಂದು ಎತ್ತು ಹೊಡೆದುಕೊಂಡು ಬಂದು, "ಡಾಕ್ಟರ್ ಸಾಹೇಬರು ಕುದರಿಸಿದ್ದು ಇದನ್ನ" ಎಂದು ಬೇವಿನ ಗಿಡಕ್ಕೆ ಕಟ್ಟಿದ. ಎತ್ತನ್ನು ವಾಪಸು ಕಳಿಸಲು ಅರ್ಧ ದಿನ ಹಿಡಿಯಿತು. ಅವನು ನಗುತ್ತ ನಗುತ್ತ ಒಂದು ತಿಂಗಳ ಗುಳಿಗೆ ಕಟ್ಟಿಸಿಕೊಂಡು ಹೋದ. ಒಬ್ಬರ ಉಪಾಯವನ್ನು ಇನ್ನೊಬ್ಬರಿಗೆ ಹೊಂದಿಸುವಾಗ ಮುಂಚೆ ಇಷ್ಟು ಕೇಳಿಕೊಳ್ಳಿ: ಎದುರಿನವನು ಯಾವ ಸಂತೆಗೆ ಹೋಗುವವನು?

ಸಾವುಕಾರರ ಗುಳಿಗೆ ಹನ್ನೊಂದು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಅಷ್ಟರಲ್ಲಿ ಅಕ್ಕಲಕೋಟದ ಬೀಗರು ಹೆಣ್ಣು ನೋಡಲು ಬರುವ ದಿನ ಗೊತ್ತಾಯಿತು. ಅಂಬಕ್ಕ ನನ್ನನ್ನೂ ಕರೆದರು. ವರನ ತಂದೆ ಶೇಷಪ್ಪನವರು ದೊಡ್ಡ ಹಿಡುವಳಿದಾರರು, ಮೀಸೆಯೂ ಅದಕ್ಕೆ ತಕ್ಕಂತಿತ್ತು. ಹುಡುಗಿ ಒಪ್ಪಿಗೆಯಾದಳು. ಉಪ್ಪಿಟ್ಟು ಆಯಿತು, ಚಹಾ ಆಯಿತು, ಕೊಡುವ ತರುವ ಮಾತು ಹತ್ತಿತು. ನಾನು ಒಳಗೆ ಹೆಂಗಸರ ಜತೆ ಬಾಗಿಲ ಮರೆಯಲ್ಲಿದ್ದೆ. ಗೋಡೆ ಗಡಿಯಾರ ಹನ್ನೆರಡಕ್ಕೆ ಬರುತ್ತಿತ್ತು.

ಅಂಬಕ್ಕ ಗುಳಿಗೆ ಮತ್ತು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತರು. ಸಾವುಕಾರರು ನೋಡಿದರು. "ಒಂದ ನಿಮಿಷ ಬಂದೆ" ಎಂದು ಎದ್ದರು. ಶೇಷಪ್ಪನವರು ಕೈ ಹಿಡಿದು ಕೂಡಿಸಿದರು. "ಕೂಡ್ರಿ ಸಾವುಕಾರ್ರ, ಮಾತ ನಡದಾಗ ಎದ್ದ ಹೋಗಬಾರದು." ಗಡಿಯಾರ ಹೊಡೆಯತೊಡಗಿತು. ಸಾವುಕಾರರು ಮತ್ತೆ ಎದ್ದರು, ಬೀಗರು ನಗುತ್ತ ಮತ್ತೆ ಕೂಡಿಸಿದರು. ನನ್ನ ಪಕ್ಕದಲ್ಲಿ ಅಂಬಕ್ಕ ತಂಬಿಗೆಯನ್ನು ಸೆರಗಿನ ಮರೆಗೆ ಸರಿಸಿದರು. ಬೇಡ ಎಂದು ಅವರು ಗಂಡನಿಗೆ ಕಣ್ಸನ್ನೆ ಮಾಡಿದರು. ಮೊದಲ ಸಲ ಅವರೇ ಸೋಲಲು ಸಿದ್ಧರಾಗಿದ್ದರು, ಮಗಳಿಗಾಗಿ.

ಸಾವುಕಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅಂಬೂ, ಇಲ್ಲೇ ತಾ" ಎಂದರು.

ಹೆಂಡತಿಯ ಹೆಸರು ಹಿಡಿದು ಹತ್ತು ಗಂಡಸರ ನಡುವೆ ಕರೆದಿದ್ದರು. ಅಂಬಕ್ಕ ಹೊರಗೆ ಬಂದರು. ಎಲ್ಲರೂ ನೋಡುತ್ತಿದ್ದಂತೆ ಸಾವುಕಾರರು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಯಾತರ ಗುಳಗೀರಿ ಅದು?" ಎಂದರು ಶೇಷಪ್ಪನವರು.

"ಕ್ಷಯದ್ದು. ಹನ್ನೊಂದ ತಿಂಗಳಾತು, ಇನ್ನ ಏಳ ಅದಾವ. ಕಫಾ ನೋಡ್ಯಾರ, ಈಗ ನನ್ನಿಂದ ಯಾರಿಗೂ ಹತ್ತೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ಇದನ್ನ ಮುಚ್ಚಿಟ್ಟು ಮಗಳನ್ನ ಕೊಡಾಕಿದ್ನಿ, ಆಗಲಿಲ್ಲ. ಇನ್ನ ನಿಮ್ಮ ವಿಚಾರ."

ಸುಶೀಲಾ ನನ್ನ ಮೊಣಕೈ ಹಿಡಿದುಕೊಂಡಳು, ಉಗುರು ನಾಟಿತು. ಶೇಷಪ್ಪನವರು ಜಮಖಾನೆಯ ಅಂಚನ್ನು ಬೆರಳಿನಿಂದ ನೇರ ಮಾಡಿದರು.

"ನನ್ನ ತಮ್ಮ ನಾಕ ತಿಂಗಳಿಗಿ ಗುಳಗಿ ಬಿಟ್ಟ" ಎಂದರು. "ಆರಾಮ ಆಗೇನಿ ಅಣ್ಣಾ ಅಂದ. ನಾನೂ ಹೂಂ ಅಂದೆ. ಎರಡ ವರ್ಷದಾಗ ಹ್ವಾದ. ಮಂದಿಗಿ ಹೊಟ್ಟಿಬ್ಯಾನಿ ಅಂತ ಹೇಳೀವಿ, ಇವತ್ತಿನ ತನಕ." ಮೀಸೆ ಒರೆಸಿಕೊಂಡು ಸಾವುಕಾರರ ಕೈ ಹಿಡಿದರು. "ಲಗ್ನ ಏಳ ತಿಂಗಳ ಮ್ಯಾಲ ಇಡೂಣ್ರಿ. ಗುಳಗಿ ಮುಗೀಲಿ. ಬೀಗರ ಗಟ್ಟಿ ಆಗಿ ಮುಂದ ನಿಂತ ಮಗಳನ್ನ ಧಾರಿ ಎರೀಲಿ."

ಗಂಡಸರ ಮಾತಿನ ನಡುವೆ ಎಂದೂ ಬಾಯಿ ಹಾಕದ ಅಂಬಕ್ಕ ಅಲ್ಲೇ ನಿಂತಿದ್ದರು, ಖಾಲಿ ತಂಬಿಗೆ ಹಿಡಿದು. "ಏಳ ಬ್ಯಾಡ್ರಿ ಅಣ್ಣಾರ, ಎಂಟ ಮಾಡ್ರಿ" ಎಂದರು. "ಗುಳಗಿ ಮುಗದ ಮ್ಯಾಲ ಒಂದ ತಿಂಗಳ ಇವರನ್ನ ನಾ ಹೆದರಿಕಿ ಇಲ್ಲದ ಕಣ್ತುಂಬ ನೋಡಬೇಕು."

ಎಂಟು ತಿಂಗಳಿಗೇ ಮುಹೂರ್ತ ಇಟ್ಟರು.